ಸೂಜಿ ಹಾಕಿಸಿಕೊಂಡವರಿಗೂ ಜ್ವರ ಬಂತಲ್ಲ: ಮಲೆನಾಡಿನ ಪ್ರಶ್ನೆಗೆ ಉತ್ತರ ಕೊಡುವವರು ಯಾರು?

ಮಲೆನಾಡಿನ ಒಂದೇ ಮನೆಯೊಳಗೆ ಲಸಿಕೆಯ ಎರಡು ಬಗೆಯ ಲೆಕ್ಕ ಸಿಗುತ್ತದೆ. ಮಗುವಿನ ತಾಯಿ ಕಾರ್ಡ್ ಬಿಚ್ಚಿದರೆ ಬಿಸಿಜಿಯಿಂದ ಹಿಡಿದು ದಡಾರ-ರುಬೆಲ್ಲಾದವರೆಗೆ ಒಂದೊಂದು ಸಾಲಿನ ಮುಂದೆಯೂ ದಿನಾಂಕ ಬಿದ್ದಿರುತ್ತದೆ. ಗುರುವಾರ ಬಂತೆಂದರೆ ಅಜ್ಜಿಯೇ ಮೊಮ್ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಂಗನವಾಡಿಗೆ ಹೊರಡುತ್ತಾಳೆ. ಅದೇ ಮನೆಯ ಗಂಡಸು ಮಾತ್ರ, ಉಣುಗು (ಉಣ್ಣೆ ಹುಳು) ಕಚ್ಚಿ ಹರಡುವ ಮಂಗನ ಕಾಯಿಲೆಯ ಚುಚ್ಚುಮದ್ದು ಹಾಕಲು ಆರೋಗ್ಯ ಇಲಾಖೆಯವರು ಬರುವ ದಿನ ನೋಡಿಕೊಂಡು ತೋಟದ ಕಡೆ ನಡೆದುಬಿಡುತ್ತಿದ್ದ.

2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಂದರಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಎಲ್ಲ ಮೂಲ ಲಸಿಕೆಗಳನ್ನು ಪಡೆದವರು ಶೇ 63ರ ಆಸುಪಾಸಿನಲ್ಲಿದ್ದರು. 2019-21ರ ಸಮೀಕ್ಷೆಯ ಹೊತ್ತಿಗೆ ಅದು ಶೇ 84ಕ್ಕೆ ಏರಿತು. ಹಳ್ಳಿಯವರಿಗೆ ಲಸಿಕೆ ಎಂದರೆ ಭಯ, ಅರಿವು ಕಡಿಮೆ, ಮೂಢನಂಬಿಕೆ ಹೆಚ್ಚು ಎಂಬ ಸಿದ್ಧ ವಿವರಣೆ ಈ ಅಂಕಿಗಳ ಎದುರು ನಿಲ್ಲುವುದಿಲ್ಲ. ಮಗುವಿನ ಲಸಿಕೆಯನ್ನು ನಂಬುವ ಮನೆಯೇ ದೊಡ್ಡವರ ಲಸಿಕೆಯನ್ನು ನಂಬಲಿಲ್ಲ. ಯಾಕೆ ಎಂದು ಕೇಳುವ ಗೋಜಿಗೆ ಹೋದವರು ಕಡಿಮೆ.

ಈಗ ಕೇಳಲೇಬೇಕಾದ ಕಾಲ ಬಂದಿದೆ. ಮಂಗನ ಕಾಯಿಲೆಗೆ ಬಳಕೆಯಲ್ಲಿದ್ದ ಹಳೆಯ ಲಸಿಕೆಯನ್ನು ಅದರ ಸಾಮರ್ಥ್ಯ ಕುಸಿದಿದೆ ಎಂಬ ಕಾರಣಕ್ಕೆ 2022ರಲ್ಲಿ ನಿಲ್ಲಿಸಲಾಯಿತು. ಹೊಸ ಲಸಿಕೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಅಭಿವೃದ್ಧಿಪಡಿಸುತ್ತಿವೆ. ಅದು ಬಂದ ದಿನ ಇಲಾಖೆಯ ಸಿಬ್ಬಂದಿ ಮತ್ತೆ ಅದೇ ಜಗಲಿಗಳನ್ನು ಹತ್ತಬೇಕು, ಅದೇ ಮನೆಯವರ ಎದುರು ಕೂರಬೇಕು. ಆಗ ಮೊದಲು ಎದುರಾಗುವ ಪ್ರಶ್ನೆ ಈಗಲೇ ಗೊತ್ತಿದೆ: 'ಹಿಂದೆ ಸೂಜಿ ಹಾಕಿಸಿಕೊಂಡವರಿಗೂ ಜ್ವರ ಬಂತಲ್ಲ?'

ಈ ಪ್ರಶ್ನೆಯ ಬೇರು ಹಳೆಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಸುತ್ತಲಿನ ಊರುಗಳಲ್ಲಿ ಜ್ವರ ಹಬ್ಬಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಸ್ಸನ್ನು ಪತ್ತೆ ಹಚ್ಚಿದಾಗ ಅದು ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ನೆಂಟ ಎಂದು ತಿಳಿಯಿತು. ನೆಂಟನಿಗೆ ಮಾಡಿದ ಲಸಿಕೆ ಇದಕ್ಕೂ ನಾಟಬಹುದೆಂದು ಆಗಲೇ ಇಲ್ಲಿಯ ಜನರಿಗೆ ಅದನ್ನು ಹಾಕಿ ನೋಡಿದರು, ಪ್ರಯೋಜನವಾಗಲಿಲ್ಲ. ಅಂದರೆ ಈ ಸೀಮೆಯ ಜನ ಕಂಡ ಮೊದಲನೆಯ ಮಂಗನ ಕಾಯಿಲೆ ಲಸಿಕೆಯೇ ಕೆಲಸ ಮಾಡದ ಲಸಿಕೆ.

ಆಮೇಲೆ ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್ ಹಾಕಿ ನಿಷ್ಕ್ರಿಯಗೊಳಿಸಿದ ಲಸಿಕೆ ಸಿದ್ಧವಾಯಿತು. 1990-92ರಲ್ಲಿ 72 ಹಳ್ಳಿಗಳಲ್ಲಿ ನಡೆದ ಪ್ರಯೋಗದಲ್ಲಿ ಒಂದು ಡೋಸ್‌ಗೆ ಶೇ 79, ಎರಡು ಡೋಸ್‌ಗೆ ಶೇ 93ಕ್ಕೂ ಹೆಚ್ಚು ರಕ್ಷಣೆ ಕಂಡುಬಂತು. ಭರವಸೆ ಹುಟ್ಟಿಸುವ ಸಂಖ್ಯೆಗಳು. ಆದರೆ 2005ರಿಂದ 2010ರವರೆಗಿನ ದಾಖಲೆಗಳನ್ನು ತಿರುವಿ ಹಾಕಿದ ಅಧ್ಯಯನದಲ್ಲಿ ಎರಡು ಡೋಸ್‌ಗಳ ರಕ್ಷಣೆ ಶೇ 62ಕ್ಕೆ ಇಳಿದಿತ್ತು. ಬೂಸ್ಟರ್ ಕೂಡ ಪಡೆದವರಲ್ಲಿ ಶೇ 83ರ ಹತ್ತಿರ ಇತ್ತು. ಶೇ 62 ಎಂದರೆ, ಲಸಿಕೆ ಇಲ್ಲದ ಒಂದು ಗುಂಪಿನಲ್ಲಿ ನೂರು ಜನ ಕಾಯಿಲೆ ಬೀಳುವ ಕಡೆ, ಎರಡು ಸೂಜಿ ಪಡೆದ ಅಷ್ಟೇ ದೊಡ್ಡ ಗುಂಪಿನಲ್ಲಿ 38 ಜನ ಬೀಳುತ್ತಾರೆ. ಉಳಿದ 62 ಜನ ಊರಿನ ಕಣ್ಣಿಗೆ ಬೀಳುವುದಿಲ್ಲ. ಕಾಯಿಲೆ ಬಾರದವನು ಸುದ್ದಿಯಾಗುವುದಿಲ್ಲ. ಮಣಿಪಾಲದ ಆಸ್ಪತ್ರೆಗೆ ಸಾಗಿಸಿದವನ ಸುದ್ದಿ ಸಂಜೆಯೊಳಗೆ ನಾಲ್ಕು ಊರಿಗೆ ಮುಟ್ಟುತ್ತದೆ, 'ಅವನೂ ಸೂಜಿ ಹಾಕಿಸಿಕೊಂಡಿದ್ದ' ಎಂಬ ಬಾಲದ ಸಮೇತ.

ಇನ್ನು ಆ ಸೂಜಿಯ ವೇಳಾಪಟ್ಟಿ. ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್, ಅದಾದ ಮೇಲೆ ವರ್ಷಕ್ಕೊಂದರಂತೆ ಐದು ವರ್ಷ. ಚುಚ್ಚಿದ ಜಾಗ ವಿಪರೀತ ನೋಯುತ್ತಿತ್ತು. ಜನ ಲಸಿಕೆ ತಪ್ಪಿಸಿಕೊಳ್ಳಲು ಕೊಡುತ್ತಿದ್ದ ಕಾರಣಗಳಲ್ಲಿ ಇದೇ ಮುಂಚೂಣಿಯಲ್ಲಿತ್ತು. ಆರೋಗ್ಯ ಇಲಾಖೆಯ ಕಡತದಲ್ಲಿ ಇದು 'ಚುಚ್ಚಿದ ಜಾಗದಲ್ಲಿ ನೋವು' ಎಂಬ ಮೂರು ಪದ. ಅಡಿಕೆ ಸೀಮೆಯಲ್ಲಿ ಅದರ ಅರ್ಥ ಬೇರೆ. ಮಳೆ ಬಿಟ್ಟು ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆಯ ಕೊಯ್ಲು, ಶುರುವಾದರೆ ಮರ ಹತ್ತಿ ಗೊನೆ ಇಳಿಸುವ ಕೊನೆಗೌಡನ ತೋಳೇ ಅವನ ದುಡಿಮೆ. ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿಯವರೆಗೆ ಅಡಿಕೆ ಸುಲಿಯುವ ಹೆಂಗಸಿಗೆ ಸುಲಿದಷ್ಟಕ್ಕೆ ದುಡ್ಡು. ತೋಳು ಎತ್ತಲಾಗದ ಎರಡು ದಿನ ಅವರ ಪಾಲಿಗೆ ಎರಡು ದಿನದ ಕೂಲಿ ಖೋತಾ. ಮಂಗನ ಕಾಯಿಲೆಯ ಕಾಲ ಡಿಸೆಂಬರಿನ ಸುಮಾರಿಗೆ ಮೊದಲಾಗಿ ಮೇ ತನಕ ಇರುವುದರಿಂದ ಲಸಿಕೆಯ ಸುತ್ತು ಅದಕ್ಕೂ ಮೊದಲೇ ಮುಗಿಯಬೇಕು. ಅಷ್ಟರಲ್ಲಿ ಸುಗ್ಗಿ ಎದುರಿಗೆ ಬಂದು ನಿಂತಿರುತ್ತದೆ.

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ತೋಟದ ಕಡೆ ನಡೆದುಬಿಟ್ಟ ಗಂಡಸಿನದು ಅಜ್ಞಾನ ಎನ್ನಲು ನನಗಂತೂ ಬಾಯಿ ಬರುವುದಿಲ್ಲ. ಅವನ ಲೆಕ್ಕ ಅರ್ಧ ಸರಿ ಇತ್ತು. ಅರ್ಧ ರಕ್ಷಣೆಯೂ ಸಾವಿನ ಎದುರು ಸಣ್ಣದಲ್ಲ, ಬೂಸ್ಟರ್ ಹಾಕಿಸಿಕೊಂಡರೆ ರಕ್ಷಣೆ ಹೆಚ್ಚುತ್ತದೆ ಎಂಬ ಇನ್ನರ್ಧವನ್ನು ಯಾರೂ ಅವನಿಗೆ ಕೂತು ಹೇಳಲಿಲ್ಲ. ಕಾಯಿಲೆ ಬಿದ್ದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಇದಕ್ಕೇ ಎಂದು ಔಷಧವಿಲ್ಲ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಸಾವುಗಳಾದಾಗ ಲಸಿಕೆಗೆ ಬೇಡಿಕೆ ಏರಿತು. ತಿಂಗಳ ಅಂತರದಲ್ಲಿ ಎರಡು ಡೋಸ್ ಬೇಕಾದ ಲಸಿಕೆ ಊರಿಗೆ ಕಾಯಿಲೆ ಬಂದ ಮೇಲೆ ಎಷ್ಟು ಕಾಪಾಡೀತು?

ಜಗಲಿಯ ಮೇಲಿನ ಮಾತುಕತೆ ಸಾಮಾನ್ಯವಾಗಿ ಹೇಗೆ ಹಳಿ ತಪ್ಪುತ್ತದೆ ಎಂಬುದನ್ನು ಗಮನಿಸಬೇಕು. 'ಕಳೆದ ಸಲ ಎರಡೂ ಸೂಜಿ ಹಾಕಿಸಿಕೊಂಡವನಿಗೇ ಬಂತಲ್ಲ ಅಕ್ಕ, ಮತ್ತೆ ಯಾಕೆ?' ಎಂದು ಮನೆಯವರು ಕೇಳುತ್ತಾರೆ. ಆಶಾ ಕಾರ್ಯಕರ್ತೆಯ ಕೈಯಲ್ಲಿ ಮೇಲಿನಿಂದ ಬಂದ ಕರಪತ್ರವಿರುತ್ತದೆ. ಅದರಲ್ಲಿರುವ ಉತ್ತರ: ಲಸಿಕೆ ಸುರಕ್ಷಿತ, ವದಂತಿಗಳಿಗೆ ಕಿವಿಗೊಡಬೇಡಿ. ಕೇಳಿದ್ದು ಲಸಿಕೆ ಕೆಲಸ ಮಾಡುತ್ತದೆಯೇ ಎಂದು. ಕೊಟ್ಟದ್ದು ಅದರಿಂದ ಅಪಾಯವಿಲ್ಲ ಎಂಬ ಉತ್ತರ. ಕೇಳಿದವನು ಸುಮ್ಮನಾಗುತ್ತಾನೆ, ಒಪ್ಪುವುದಿಲ್ಲ. ಆಕೆ ಅವನ ಹೆಸರಿನ ಮುಂದೆ 'ನಿರಾಕರಣೆ' ಎಂದು ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾಳೆ. ಆಕೆಯದು ತಪ್ಪಿಲ್ಲ, ಆಕೆಗೆ ಶೇ 62ರ ಕಥೆಯನ್ನು ಯಾರಾದರೂ ಹೇಳಿದ್ದರೆ ತಾನೇ?

ಇಂಥದ್ದೇ ಗಂಟನ್ನು ಇದಕ್ಕಿಂತ ಎಷ್ಟೋ ದೊಡ್ಡ ಪ್ರಮಾಣದಲ್ಲಿ ಬಿಚ್ಚಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ. 2002ರಲ್ಲಿ ಭಾರತದಲ್ಲಿ 1,600 ಪೋಲಿಯೊ ಪ್ರಕರಣಗಳಾದವು, ಬಹುಪಾಲು ಉತ್ತರ ಪ್ರದೇಶದಲ್ಲಿ. ಹನಿ ಹಾಕಿದರೆ ಮಕ್ಕಳಿಗೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಮಾತು ಮೊರಾದಾಬಾದ್ ಕಡೆಯ ಮುಸ್ಲಿಂ ಕೇರಿಗಳಲ್ಲಿ ಹರಡಿತ್ತು. ದೆಹಲಿಯ ಕಚೇರಿಗಳಲ್ಲಿ ಕೂತವರಿಗೆ ಅದು ಬರೀ ವದಂತಿ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗಳಾಗಿದ್ದವು, ಎಷ್ಟೋ ಕಡೆ ಬಲವಂತದಿಂದ. ಅದನ್ನು ಕಂಡ ತಲೆಮಾರು ಆಗ ಅಜ್ಜ-ಅಜ್ಜಿಯರಾಗಿ ಮನೆಯಲ್ಲೇ ಇತ್ತು. ಬೇರೆ ಯಾವ ಸೌಕರ್ಯಕ್ಕೂ ಇತ್ತ ತಲೆ ಹಾಕದ ಸರ್ಕಾರ ಮನೆ ಬಾಗಿಲಿಗೇ ಬಂದು, ಪುಕ್ಕಟೆಯಾಗಿ, ಪದೇ ಪದೇ ಮಗುವಿನ ಬಾಯಿಗೆ ಎರಡು ಹನಿ ಹಾಕುತ್ತೇನೆಂದು ಹಟ ಹಿಡಿದರೆ ಅನುಮಾನ ಬರದಿರುತ್ತದೆಯೇ? 'ಚರಂಡಿ ಇಲ್ಲ, ನೀರಿಲ್ಲ, ಆಸ್ಪತ್ರೆಯಲ್ಲಿ ಡಾಕ್ಟರಿಲ್ಲ, ಪೋಲಿಯೊ ಹನಿ ಮಾತ್ರ ತಿಂಗಳು ತಿಂಗಳೂ ಬರುತ್ತದೆ' ಎಂಬುದು ಅವರ ವಾದ. ಹೊಲಸು ನೀರು ಕುಡಿದು ಭೇದಿಯಾಗುವ ಮಗುವಿನ ಕರುಳಿನಲ್ಲಿ ಪೋಲಿಯೊ ಹನಿ ಸರಿಯಾಗಿ ನಾಟುವುದಿಲ್ಲ ಎಂದು ವಿಜ್ಞಾನಿಗಳೂ ಗುರುತಿಸಿದರು. ಚರಂಡಿಯ ದೂರು ರೋಗಶಾಸ್ತ್ರದ ಪ್ರಕಾರವೂ ಸರಿಯಾಗಿತ್ತು.

ಹನಿಯ ಬಗ್ಗೆ ಅವರಿಗಿದ್ದ ಇನ್ನೊಂದು ಗುಮಾನಿಯೂ ಹುಸಿಯಾಗಿರಲಿಲ್ಲ. ಹತ್ತು ಸಲ ಹನಿ ಹಾಕಿಸಿದ ಮಗುವಿಗೂ ಕಾಲು ಬಿದ್ದುಹೋದದ್ದನ್ನು ಅಲ್ಲಿಯ ತಾಯಂದಿರು ಕಂಡಿದ್ದರು. 2006ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಅದಕ್ಕೆ ಅಂಕಿ ಕೊಟ್ಟಿತು: ಆಗ ಬಳಕೆಯಲ್ಲಿದ್ದ, ಮೂರೂ ಬಗೆಯ ವೈರಸ್‌ಗಳ ವಿರುದ್ಧದ ಹನಿ ಒಂದನೇ ಬಗೆಯ ಪೋಲಿಯೊ ವಿರುದ್ಧ ಉತ್ತರ ಪ್ರದೇಶದಲ್ಲಿ ಒಂದು ಡೋಸ್‌ಗೆ ಶೇ 9ರಷ್ಟು ಮಾತ್ರ ರಕ್ಷಣೆ ಕೊಡುತ್ತಿತ್ತು, ದೇಶದ ಉಳಿದ ಭಾಗದಲ್ಲಿ ಶೇ 21ರಷ್ಟು. ತಾಯಂದಿರು ಕಣ್ಣಲ್ಲಿ ಕಂಡದ್ದು ವಿಜ್ಞಾನದ ಪತ್ರಿಕೆಗೆ ತಡವಾಗಿ ತಲುಪಿತು, ಅಷ್ಟೇ. ಅದರ ಸುತ್ತಮುತ್ತಲಿನ ವರ್ಷಗಳಲ್ಲೇ ಒಂದೇ ಬಗೆಯ ವೈರಸ್ಸಿಗೆ ಗುರಿಯಿಟ್ಟ ಹನಿ ಬಳಕೆಗೆ ಬಂತು; 2010ರಲ್ಲಿ ಎರಡು ಬಗೆಗಳನ್ನು ಒಟ್ಟಿಗೆ ತಡೆಯುವ ಹನಿ ಬಂತು. ಮಾತಿನ ಜೊತೆ ಮದ್ದೂ ಬದಲಾಯಿತು. ಪೋಲಿಯೊ ಗೆಲುವನ್ನು ಬರಿಯ ಪ್ರಚಾರದ ಗೆಲುವೆಂದು ವರ್ಣಿಸುವವರು ಈ ಭಾಗವನ್ನು ನುಂಗಿಬಿಡುತ್ತಾರೆ.

ಮಾತಿನ ಕಡೆ ಆದದ್ದೇನು? ಯುನಿಸೆಫ್ ನೆರವಿನಿಂದ ಕಟ್ಟಿದ ಸಾಮಾಜಿಕ ಸಂಚಲನ ಜಾಲದಲ್ಲಿ ಅದೇ ಕೇರಿಯ ಹೆಂಗಸರನ್ನು ಸಾವಿರಾರು ಸಂಖ್ಯೆಯಲ್ಲಿ ನೇಮಿಸಿಕೊಂಡರು. ಅಲಿಗಢ, ಜಾಮಿಯಾದಂಥ ವಿಶ್ವವಿದ್ಯಾಲಯಗಳು ಕೈಜೋಡಿಸಿದವು, ಇಮಾಮರು ಮಸೀದಿಯ ಧ್ವನಿವರ್ಧಕದಲ್ಲಿ ಲಸಿಕೆಯ ದಿನವನ್ನು ಸಾರಿದರು. ಇವೆಲ್ಲ ಸಾಕಷ್ಟು ಬಾರಿ ಹೇಳಿ ಸವೆದ ಸಂಗತಿಗಳು. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ ಗುರುತು. ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ 'ಪಿ', ಒಂದು ಮಗು ಉಳಿದರೂ 'ಎಕ್ಸ್'. ಅಲ್ಲಿಗೇ ನಿಲ್ಲಿಸಿದ್ದರೆ ಅದೂ ಒಂದು ಹಣೆಪಟ್ಟಿಯಾಗುತ್ತಿತ್ತು. ಲೆಕ್ಕದ ಹಾಳೆಯಲ್ಲಿ ಎಕ್ಸ್‌ನ ಪಕ್ಕ ಇನ್ನೊಂದು ಅಕ್ಷರ ಸೇರುತ್ತಿತ್ತು: ಮನೆಯವರು ಬೇಡವೆಂದರೆ 'ಆರ್', ಮಗುವಿಗೆ ಹುಷಾರಿಲ್ಲದಿದ್ದರೆ 'ಎಸ್', ಊರಲ್ಲೇ ಇಲ್ಲದಿದ್ದರೆ ಮತ್ತೊಂದು. ಸುತ್ತು ಮುಗಿದ ಸಂಜೆ ಹಾಳೆಗಳನ್ನು ಕೂಡಿಸಿದಾಗ ಯಾವ ಕೇರಿಯಲ್ಲಿ ಬೇಡವೆಂದವರು ಹೆಚ್ಚು, ಎಲ್ಲಿ ಜನ ಇಟ್ಟಿಗೆ ಭಟ್ಟಿಗೆ ಕೂಲಿಗೆ ಹೋಗಿದ್ದಾರೆ ಎಂಬುದು ಬೇರೆ ಬೇರೆಯಾಗಿ ಕಾಣುತ್ತಿತ್ತು. ಬೇಡವೆಂದ ಮನೆಗೆ ಇಮಾಮರು, ಜ್ವರದ ಮಗುವಿನ ಮನೆಗೆ ಡಾಕ್ಟರು, ಭಟ್ಟಿಗೆ ಸಂಚಾರಿ ತಂಡ. 2009ರಲ್ಲಿ ಇನ್ನೂ 741 ಪ್ರಕರಣಗಳಿದ್ದ ದೇಶದಲ್ಲಿ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾ ಜಿಲ್ಲೆಯಿಂದ ವರದಿಯಾಯಿತು. 2014ರ ಮಾರ್ಚ್‌ನಲ್ಲಿ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಬಂತು.

ಮಲೆನಾಡಿನ ಪಟ್ಟಿಯಲ್ಲಿ 'ನಿರಾಕರಣೆ' ಎಂದು ಬರೆದ ಹೆಸರುಗಳನ್ನು ಹೀಗೆ ಒಡೆದು ನೋಡಿದರೆ ಏನು ಸಿಗಬಹುದು? ತೋಳು ನೋವಿಗೆ ಹೆದರಿದವರು, ಸುಗ್ಗಿಯ ದಿನ ಬಿಡಲಾಗದವರು, ಮೊದಲ ಡೋಸ್ ಆಗಿ ಎರಡನೆಯದಕ್ಕೆ ಯಾರೂ ಕರೆಯದವರು, 'ನಾವು ಕಾಡಿಗೆ ಹೋಗುವುದೇ ಇಲ್ಲ' ಎನ್ನುವವರು, ಕೊನೆಗೆ, ಲಸಿಕೆಯ ಮೇಲೇ ನಂಬಿಕೆ ಇಲ್ಲದವರು. ಈ ನಾಲ್ಕನೆಯ ಗುಂಪಿನ ಮಾತು ಸ್ವಲ್ಪ ವಿವರವಾಗಿ ನೋಡತಕ್ಕದ್ದು. ವೈರಸ್ ಹೊತ್ತ ಉಣುಗು ಸಿಗುವುದು ದಟ್ಟ ಕಾಡಿನಲ್ಲಿ ಮಾತ್ರವಲ್ಲ. ಕಾಡು, ತೋಟ, ಗದ್ದೆ ಒಂದರೊಳಗೊಂದು ಹೆಣೆದುಕೊಂಡ ಜಾಗಗಳಲ್ಲೇ ಅಪಾಯ ಹೆಚ್ಚು. ಕೊಟ್ಟಿಗೆಗೆ ಹಾಸಲು ಸೊಪ್ಪಿನ ಬೆಟ್ಟದಿಂದ ಹೊತ್ತು ತರುವ ದರಗಿನ (ಒಣ ಎಲೆಯ) ಹೊರೆಯಲ್ಲಿ, ಮೇಯಲು ಹೋಗಿ ಬಂದ ದನದ ಮೈಯಲ್ಲಿ ಅದು ಮನೆಯಂಗಳಕ್ಕೇ ಬರುತ್ತದೆ. ಕಾಡಿಗೆ ಹೋಗದವರಿಗೆ ಕಾಡೇ ಮನೆಗೆ ಬರುತ್ತದೆ ಎಂಬುದನ್ನು 'ಅರಣ್ಯ ಪ್ರದೇಶಕ್ಕೆ ಹೋಗುವಾಗ ಎಚ್ಚರ ವಹಿಸಿ' ಎಂಬ ಭಿತ್ತಿಪತ್ರ ಹೇಳುವುದಿಲ್ಲ. ದರಗು ತರುವ ಹೆಂಗಸು ತಾನು 'ಅರಣ್ಯ ಪ್ರದೇಶ'ಕ್ಕೆ ಹೋಗಿದ್ದೆ ಎಂದುಕೊಳ್ಳುವುದೇ ಇಲ್ಲ. ಅವಳ ಮಟ್ಟಿಗೆ ಅದು ಮನೆಯ ಹಿಂದಿನ ಬೆಟ್ಟ.

ಹೇಳುವ ಜಾಗವನ್ನೂ ಬದಲಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲಿನ ಚಿತ್ರವನ್ನು ನೋಡುವವರು ಈಗಾಗಲೇ ಹುಷಾರು ತಪ್ಪಿದವರು. ಬೆಳಗಿನ ಹಾಲಿನ ಡೇರಿಯ ಸಾಲು, ಅಡಿಕೆ ಸಹಕಾರ ಸಂಘದ ಮೆಟ್ಟಿಲು, ಅಡಿಕೆ ಸುಲಿಯುವ ಚಪ್ಪರ, ಇವೇ ಊರಿನ ಮಾತು ಹುಟ್ಟುವ ಜಾಗಗಳು. ಸುಲಿಯುವಾಗ ಕೈಗೆ ಕೆಲಸ, ಕಿವಿ ಖಾಲಿ. ಆಕಾಶವಾಣಿ ಭದ್ರಾವತಿ ಆ ಚಪ್ಪರದ ಒಳಗೇ ಹೋಗಬಲ್ಲದು. ವಾರಕ್ಕೊಮ್ಮೆ ಅದೇ ಹೊತ್ತಿಗೆ ತಾಲ್ಲೂಕು ಆರೋಗ್ಯಾಧಿಕಾರಿ ಕೇಳುಗರ ಕರೆ ತೆಗೆದುಕೊಂಡು, ಯಾವ ಊರಲ್ಲಿ ಮಂಗ ಸತ್ತಿದೆ, ಪರೀಕ್ಷೆಯಲ್ಲಿ ಏನು ಬಂತು ಎಂದು ಹೆಸರು ಹಿಡಿದು ಹೇಳಿದರೆ ಅದರ ತೂಕವೇ ಬೇರೆ. ಮಂಗ ಸತ್ತ ಸುದ್ದಿ ಕೊಡುವ ಕೆಲಸ ಊರಿನವರದು; ಪರೀಕ್ಷೆಯ ಫಲಿತಾಂಶವನ್ನು ಅದೇ ಊರಿಗೆ ಮರಳಿಸುವ ಕೆಲಸ ಇಲಾಖೆಯದು. ಈ ಎರಡನೆಯ ಪಯಣ ನಿಂತುಹೋದ ಕಡೆ ಮೊದಲನೆಯದೂ ನಿಧಾನವಾಗಿ ನಿಲ್ಲುತ್ತದೆ. ಯಕ್ಷಗಾನದಲ್ಲಿ ಮಂಗನ ಕಾಯಿಲೆಯ ಪ್ರಸಂಗ ಆಡಿಸಿದರೆ ಸಾಕೆನ್ನುವವರಿದ್ದಾರೆ. ಆಡಿಸಲಿ, ನೋಡಲು ಚೆನ್ನ. ಆದರೆ ಚೌಕಿಯಲ್ಲಿ ಬಣ್ಣ ತೊಳೆದ ಮೇಲೆ ಪ್ರಶ್ನೆ ಕೇಳಲು ಯಾರೂ ಉಳಿದಿರುವುದಿಲ್ಲ.

ಬೆದರಿಕೆಯ ದಾರಿಯನ್ನೂ ನಾವು ನೋಡಿದ್ದೇವೆ. 2021ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ಕೋವಿಡ್ ಲಸಿಕೆ ಹಾಕಿಸಿಕೊಳ್ಳದವರಿಗೆ ಪಡಿತರ ಇಲ್ಲ, ಪಿಂಚಣಿ ಇಲ್ಲ ಎಂದು ಘೋಷಿಸಿ ಟೀಕೆಗೆ ಗುರಿಯಾಯಿತು. ಅಂಥ ಘೋಷಣೆಯಿಂದ ಒಂದು ವಾರದ ಅಂಕಿ ಏರಬಹುದು. ಒಂದೇ ಸುತ್ತಿನಲ್ಲಿ ಮುಗಿಯುವ ಲಸಿಕೆಗೆ ಅದು ನಡೆದೀತು ಎಂದೇ ಇಟ್ಟುಕೊಳ್ಳೋಣ. ತಿಂಗಳು ಬಿಟ್ಟು, ವರ್ಷ ಬಿಟ್ಟು ಮತ್ತೆ ಮತ್ತೆ ತಾನಾಗಿ ಬರಬೇಕಾದ ಲಸಿಕೆಗೆ ಮೊದಲ ಸಲ ರೆಟ್ಟೆ ಹಿಡಿದು ಎಳೆದವನು ಎರಡನೆಯ ಸಲ ಯಾರನ್ನು ಕರೆದಾನು?

ಹೊಸ ಲಸಿಕೆಯ ವಿಷಯಕ್ಕೆ ಬಂದರೆ, ಮೊದಲ ಮಾತು ಹಳೆಯದರ ಬಗ್ಗೆಯೇ ಆಗಬೇಕು. ಹಳೆಯ ಲಸಿಕೆ ಎಷ್ಟು ಕೆಲಸ ಮಾಡಿತು, ಯಾವಾಗಿನಿಂದ ಸೊರಗಿತು, ಯಾಕೆ ನಿಲ್ಲಿಸಿದೆವು ಎಂಬುದನ್ನು ಇಲಾಖೆ ಗ್ರಾಮಸಭೆಯಲ್ಲಿ ನಿಂತು ಹೇಳಬೇಕು. ಇಂಥ ಒಪ್ಪಿಗೆಯಿಂದ ಜನ ಹೊಸದನ್ನೂ ತಿರಸ್ಕರಿಸುತ್ತಾರೆಂಬ ಅಂಜಿಕೆ ಅಧಿಕಾರಿಗಳಲ್ಲಿರುವುದು ಸಹಜ. ಆದರೆ ಊರಿಗೆ ಗೊತ್ತಿರುವುದನ್ನೇ ಇಲಾಖೆ ಮುಚ್ಚಿಟ್ಟರೆ ಹೊಸ ಲಸಿಕೆಯ ಬಗ್ಗೆ ಅದು ಹೇಳುವ ನಿಜವೂ ಹಳೆಯದರ ಸಾಲಿಗೆ ಸೇರುತ್ತದೆ. ಹೊಸದು ಎಷ್ಟು ಜನರ ಮೇಲೆ ಪರೀಕ್ಷೆಯಾಗಿದೆ, ಎಷ್ಟು ದಿನ ರಕ್ಷಿಸುತ್ತದೆ, ಹಾಕಿಸಿಕೊಂಡವರಲ್ಲಿ ಎಷ್ಟು ಜನರಿಗೆ ಆದರೂ ಜ್ವರ ಬರಬಹುದು ಎಂಬುದು ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ, ಆಶಾ ಕಾರ್ಯಕರ್ತೆಯ ಚೀಲ ಸೇರಬೇಕು. ತೋಳು ನೋಯುವುದಾದರೆ ನೋಯುತ್ತದೆ ಎಂದೇ ಹೇಳಬೇಕು, ಕೊನೆ ಕೊಯ್ಲಿಗೆ ಎಷ್ಟು ದಿನ ಮುಂಚೆ ಹಾಕಿಸಿಕೊಂಡರೆ ಒಳ್ಳೆಯದು ಎಂಬ ಸಲಹೆಯ ಜೊತೆಗೆ. ಲಸಿಕೆ ಬಂದಿದೆ ಎಂದು ಡೆಪಾ ಎಣ್ಣೆ ಹಂಚುವುದನ್ನು ಕೈಬಿಟ್ಟರೆ ಅದು ಇನ್ನೊಂದು ಎಡವಟ್ಟು. ಉಣುಗು ಕಚ್ಚದಂತೆ ಕಾಡಿಗೆ ಹೋಗುವ ಮುನ್ನ ಮೈಗೆ ಹಚ್ಚಿಕೊಳ್ಳುವ ಆ ಎಣ್ಣೆಯೊಂದೇ 2022ರ ನಂತರ ಎಷ್ಟೋ ಮನೆಗಳಲ್ಲಿ ಇಲಾಖೆಯ ಗುರುತಾಗಿ ಉಳಿದಿರುವುದು.

ಇಷ್ಟನ್ನೂ ಹೊರಬೇಕಾದವಳು ಆಶಾ. ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರು ಎಂಬುದು ಕಾಗದದ ಲೆಕ್ಕ. ಮಲೆನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಗುಡ್ಡ ಹತ್ತಿ, ಹಳ್ಳ ದಾಟಿ ಹೋಗಬೇಕು. ಬಯಲುಸೀಮೆಯಲ್ಲಿ ಒಂದು ಬೆಳಗಿಗೆ ಮುಗಿಯುವ ಮನೆಗಳಿಗೆ ಇಲ್ಲಿ ವಾರ ಬೇಕು. ಮನೆಯೊಂದರಲ್ಲಿ ಅರ್ಧ ಗಂಟೆ ಕೂತು ಅನುಮಾನ ಬಿಡಿಸಿದ್ದಕ್ಕೆ ಅವಳ ಪ್ರೋತ್ಸಾಹಧನದ ಪಟ್ಟಿಯಲ್ಲಿ ಪ್ರತ್ಯೇಕ ಸಾಲಿಲ್ಲ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ದಿನಗಟ್ಟಲೆ ಕೂತು ತಿಂಗಳಿಗೆ 15 ಸಾವಿರ ರೂಪಾಯಿ ಕೇಳಿದರು. ಕನಿಷ್ಠ 10 ಸಾವಿರದ ಭರವಸೆಯೊಂದಿಗೆ ಮುಷ್ಕರ ಮುಗಿಯಿತು. ಹೊಸ ಲಸಿಕೆಯ ಬಜೆಟ್ಟಿನಲ್ಲಿ ಬಾಟಲಿಗೆ, ಶೀತಲ ಸರಪಳಿಗೆ, ಪ್ರಚಾರದ ಆಟೊಗೆ ಹಣ ಇಡುವಾಗ ಆ ಅರ್ಧ ಗಂಟೆಗೂ ಒಂದು ದರ ಗೊತ್ತುಪಡಿಸುವುದು, 'ಬೇಡ' ಎಂದವರು ಕೊಟ್ಟ ಕಾರಣವನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಲು ಅವಳ ಪುಸ್ತಕದಲ್ಲಿ ಒಂದು ಕಾಲಂ ಹಾಕುವುದು, ಆ ಕಾಲಂ ಅನ್ನು ತಿಂಗಳಿಗೊಮ್ಮೆ ಶಿವಮೊಗ್ಗದಲ್ಲಿ ಯಾರಾದರೂ ಓದುವುದು, ಇವು ಮೊದಲ ಡೋಸ್ ಬರುವ ಮೊದಲೇ ಆಗಬಹುದಾದ ಕೆಲಸಗಳು.